ಬೇಸಗೆಯ ರಜ ಯಾರಿಗೆ?

ಋತುಗಳಲ್ಲಿ ಬೇಸಗೆಯಷ್ಟು ಬೈಸಿಕೊಂಡದ್ದು ಮತ್ತೊಂದಿಲ್ಲ. ವಸಂತಕ್ಕೆ ಕೋಗಿಲೆಯ ವಕಾಲತ್ತು ಉಂಟು, ಮಳೆಗಾಲಕ್ಕೆ ನವಿಲಿನದು, ಶರತ್ಕಾಲಕ್ಕೆ ಬೆಳದಿಂಗಳೊಂದೇ ಸಾಕು. ಗ್ರೀಷ್ಮದ ಪರವಾಗಿ ನಿಲ್ಲುವವರು ಯಾರು? ಆದರೂ ಕಾಳಿದಾಸನ ಹೆಸರಿನಲ್ಲಿರುವ ‘ಋತುಸಂಹಾರ’ ಆರಂಭವಾಗುವುದು ಗ್ರೀಷ್ಮದ ವರ್ಣನೆಯಿಂದಲೇ. ಅಲ್ಲೊಂದು ಚಿತ್ರವಿದೆ: ಬಿಸಿಲಿಗೆ ಬೆಂದ ಹಾವು ತನ್ನ ಹುಟ್ಟುಹಗೆಯಾದ ನವಿಲಿನ ನೆರಳಿನಲ್ಲಿ ಬಿದ್ದುಕೊಂಡಿದೆ, ಕಪ್ಪೆಯೊಂದು ಹಾವಿನ ಹೆಡೆಯನ್ನೇ ಕೊಡೆ ಮಾಡಿಕೊಂಡು ಕುಳಿತಿದೆ. ತಾಪ ಹೆಚ್ಚಿದಾಗ ವೈರ ಮರೆತುಹೋಗುತ್ತದೆ ಎಂಬುದು ಕವಿಯ ಇಂಗಿತ. ಕಾಡಿನ ಮಾತು ಕವಿಗೇ ಇರಲಿ. ಮನೆಯ ಮಟ್ಟಿಗೆ ಅದು ಸತ್ಯವೆಂಬುದಕ್ಕೆ ನಾನೇ ಸಾಕ್ಷಿ. ವರ್ಷದ ಹತ್ತು ತಿಂಗಳು ಒಬ್ಬರ ಮಾತನ್ನೊಬ್ಬರು ಅಳೆದು ತೂಗುತ್ತಿದ್ದ ಅತ್ತೆ ಸೊಸೆಯರು, ಚೈತ್ರ ಕಳೆಯುವ ಹೊತ್ತಿಗೆ ಎದುರುಬದುರು ಕುಳಿತು ಒಂದೇ ಮುದ್ದೆಯ ಹಿಟ್ಟಿನಿಂದ ಹಪ್ಪಳ ಲಟ್ಟಿಸುತ್ತ ನಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಹೇಳುತ್ತಿರುವುದು 1960ರ ದಶಕದ ಮೈಸೂರಿನ ಮಾತು. ನಮ್ಮದು ಹಂಚಿನ ಮನೆ. ಹಿಂಭಾಗದ ಎರಡು ಕೋಣೆಗಳಿಗೆ ಮಾತ್ರ ತಾರಸಿ. ಅಜ್ಜಿ, ತಂದೆ, ತಾಯಿ, ಚಿಕ್ಕಪ್ಪ, ಚಿಕ್ಕಮ್ಮ, ಒಟ್ಟು ಏಳು ಮಂದಿ ಮಕ್ಕಳು; ಬೇಸಗೆಯಲ್ಲಿ ಇದರ ಮೇಲೆ ಸೋದರತ್ತೆಯೂ ಆಕೆಯ ಮೂವರು ಮಕ್ಕಳೂ. ತಂದೆಯವರು ಪ್ರೌಢಶಾಲೆಯ ಉಪಾಧ್ಯಾಯರು. ಹೀಗಾಗಿ ನಮ್ಮ ಮನೆಯಲ್ಲಿ ರಜವೆಂಬುದು ಮಕ್ಕಳಿಗೂ ಇತ್ತು, ದೊಡ್ಡವರಿಗೂ ಇತ್ತು. ಚಿಕ್ಕಪ್ಪನವರು ನ್ಯಾಯಾಲಯದ ನೌಕರರಾದುದರಿಂದ ಅವರಿಗೂ ಬೇಸಗೆಯ ಬಿಡುವು. ಶಾಲೆಗೆ ಬೀಗ ಬಿತ್ತು, ನ್ಯಾಯಾಲಯಕ್ಕೆ ಬೀಗ ಬಿತ್ತು. ಬೀಗ ಬೀಳದ ಸಂಸ್ಥೆ ಅಡುಗೆಮನೆಯೊಂದೇ. ಅಷ್ಟೇ ಅಲ್ಲ, ಬೇರೆಲ್ಲ ಮುಚ್ಚಿದಾಗ ಅದು ಎರಡು ಪಾಳಿಯಲ್ಲಿ ನಡೆಯತೊಡಗುತ್ತಿತ್ತು.

ಸಂಡಿಗೆಯ ದಿನ ಮನೆ ಎಚ್ಚರಗೊಳ್ಳುತ್ತಿದ್ದುದು ನಸುಕಿನ ನಾಲ್ಕು ಗಂಟೆಗೆ. ಅಕ್ಕಿಯನ್ನು ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ, ಹಿಂದಿನ ಸಂಜೆಯೇ ಒರಳಿನಲ್ಲಿ ರುಬ್ಬಿ ಇಟ್ಟಿರುತ್ತಿದ್ದರು. ಅದಕ್ಕೆ ಉಪ್ಪು, ಅರೆದ ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಬೆರೆಸಿ, ಸೌದೆಯ ಒಲೆಯ ಮೇಲೆ ಮಗುಚುತ್ತ ಬೇಯಿಸಬೇಕು. ಬೆಂದ ಹಿಟ್ಟು ಬಿಸಿಯಾಗಿರುವಾಗಲೇ ಚಕ್ಕುಲಿಯ ಒರಳಿಗೆ ತುಂಬಿ, ಹಳೆಯ ಪಂಚೆಯ ಮೇಲೆ ಒತ್ತಬೇಕು. ತಣ್ಣಗಾದರೆ ಒರಳು ತಿರುಗದು. ತಡವಾದರೆ ಅಂದಿನ ಬಿಸಿಲು ಪೂರ್ತಿ ದಕ್ಕದು. ಸೂರ್ಯ ಮೇಲೇರುವ ಮುನ್ನ ತಾರಸಿಯ ತುಂಬ ಬಿಳಿಯ ಬಳ್ಳಿಗಳು ಹಬ್ಬಿರುತ್ತಿದ್ದವು.

ಹಪ್ಪಳದ ನ್ಯಾಯವೇ ಬೇರೆ. ಉದ್ದಿನ ಹಿಟ್ಟಿಗೆ ಹಪ್ಪಳದ ಖಾರ, ಇಂಗು, ಮೆಣಸು ಸೇರಿಸಿ ಕಲಸಿ, ಎಣ್ಣೆ ಮುಟ್ಟಿಸುತ್ತ ಒನಕೆಯಿಂದ ಕುಟ್ಟಿದಷ್ಟೂ ಹಿಟ್ಟು ನಾದುತ್ತದೆ. ಹಪ್ಪಳಕ್ಕೆ ಕಡುಬಿಸಿಲು ಆಗದು. ಅಂಚು ಮುರುಟಿ ಬಿರಿಯುತ್ತದೆ. ಅದಕ್ಕೆ ನೆರಳೂ ಎಳೆಬಿಸಿಲೂ ಸಾಕು. ಸಂಡಿಗೆಗಾದರೋ ಬೆಂಕಿಯಂಥ ಬಿಸಿಲೇ ಬೇಕು. ಬಾಳಕದ ಮೆಣಸಿನಕಾಯಿಗೆ ಮತ್ತೊಂದು ವ್ರತ: ಸೀಳಿದ ಕಾಯಿ ರಾತ್ರಿಯೆಲ್ಲ ಉಪ್ಪು ಹಾಕಿದ ಹುಳಿಮಜ್ಜಿಗೆಯಲ್ಲಿ, ಹಗಲೆಲ್ಲ ಬಿಸಿಲಿನಲ್ಲಿ, ಮಜ್ಜಿಗೆ ಹೀರಿ ಮುಗಿಯುವವರೆಗೆ ಈ ಹೋಗಿಬರುವಿಕೆ. ಒಂದೇ ಸೂರ್ಯನಿಂದ ಇಷ್ಟು ಬಗೆಯ ಸೇವೆಯನ್ನು ಇಷ್ಟು ಕರಾರುವಾಕ್ಕಾಗಿ ತೆಗೆದುಕೊಳ್ಳುತ್ತಿದ್ದ ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ತಂದೆಯವರು ಬಿಸಿಲಿನ ವಿಷಯದಲ್ಲಿ ಅಜ್ಜಿಯ ಮಾತಿಗೆ ಎದುರಾಡಿದ್ದನ್ನು ನಾನು ಕಾಣೆ.

ಮಕ್ಕಳಾದ ನಮಗೂ ಉದ್ಯೋಗವಿತ್ತು: ಕಾಗೆ ಕಾಯುವುದು. ಒಂದು ಕೋಲು, ಕಮಾನು ಮುರಿದ ಒಂದು ಕಪ್ಪು ಕೊಡೆ, ಕೂಗಲು ಗಂಟಲು, ಇಷ್ಟೇ ಸಲಕರಣೆ. ಸಂಬಳವನ್ನು ನಾವೇ ತೆಗೆದುಕೊಳ್ಳುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹೊರಗೆ ಗರಿಗಟ್ಟಿ ಒಳಗೆ ಮೆತ್ತಗಿರುವ ಅರೆ ಒಣಗಿದ ಸಂಡಿಗೆಯ ರುಚಿ ಬಲ್ಲವರೇ ಬಲ್ಲರು. ಹಸಿ ಹಪ್ಪಳದ ಹಿಟ್ಟಿನ ಉಂಡೆಯನ್ನು ಎಣ್ಣೆಯಲ್ಲದ್ದಿ ನಾಲಗೆಯ ಮೇಲಿಟ್ಟುಕೊಂಡ ಸುಖವನ್ನು ಕರಿದ ಹಪ್ಪಳ ಎಂದೂ ಕೊಡಲಾರದು. ಕಾಗೆಗಳಿಂದ ಆಗುತ್ತಿದ್ದ ನಷ್ಟಕ್ಕಿಂತ ಕಾವಲುಗಾರರಿಂದ ಆಗುತ್ತಿದ್ದ ನಷ್ಟವೇ ಹೆಚ್ಚೆಂದು ಅಜ್ಜಿಗೆ ಗೊತ್ತಿತ್ತು. ಅದಕ್ಕಾಗಿ ಒಂದು ಪಂಚೆಯಷ್ಟು ಹೆಚ್ಚಾಗಿಯೇ ಒತ್ತಿಸುತ್ತಿದ್ದಳು.

ಇನ್ನು ಉಳಿದ ಸುಖಗಳು. ರಾಮನವಮಿಯ ಬೆಲ್ಲದ ಪಾನಕ, ಹೆಸರುಬೇಳೆಯ ಕೋಸಂಬರಿ, ನೀರುಮಜ್ಜಿಗೆಗಳಿಂದ ಅವುಗಳ ನಾಂದಿ. ನಡುಮನೆಯ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಮಣ್ಣಿನ ಹೂಜಿ. ಅದರೊಳಗೆ ಲಾವಂಚದ ಒಂದು ಹಿಡಿ ಬೇರು. ಹೂಜಿಯ ನೀರೇಕೆ ತಣ್ಣಗಿರುತ್ತದೆಂದು ತಂದೆಯವರು ಪ್ರತಿ ವರ್ಷವೂ ಕೇಳುತ್ತಿದ್ದರು, ತಾವೇ ಉತ್ತರ ಹೇಳುತ್ತಿದ್ದರು. ಮಣ್ಣಿನ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಗ್ರಾಮಿಗೆ ಸುಮಾರು 580 ಕ್ಯಾಲರಿ ಶಾಖವನ್ನು ಹೀರುತ್ತದೆ; ಅಂದರೆ ಒಂದು ಗ್ರಾಂ ನೀರು ತಾನು ಇಲ್ಲವಾಗುವಾಗ ಉಳಿದ 58 ಗ್ರಾಂ ನೀರನ್ನು 10 ಡಿಗ್ರಿಯಷ್ಟು ತಂಪು ಮಾಡಬಲ್ಲುದು. ಕರಾವಳಿಯ ಒದ್ದೆ ಗಾಳಿಯಲ್ಲಿ ಆವಿಯಾಗುವುದು ನಿಧಾನ. ಅಲ್ಲಿ ಹೂಜಿಯ ಮಹಿಮೆ ಅಷ್ಟಿಲ್ಲ. ತಾನು ಆರಿಹೋಗುತ್ತ ಉಳಿದವರನ್ನು ತಂಪಾಗಿಡುವ ಆ ಒಂದು ಗ್ರಾಂ ನೀರು ನಮ್ಮ ಮನೆಯಲ್ಲಿ ಯಾರೆಂಬ ಪ್ರಶ್ನೆ ಪಾಠದಲ್ಲಿ ಬರುತ್ತಿರಲಿಲ್ಲ.

ಅಟ್ಟದ ಮೇಲೆ ಹುಲ್ಲಿನಲ್ಲಿ ಮಾವು ಹಣ್ಣಾಗುತ್ತಿತ್ತು. ರಸಪುರಿಯನ್ನು ಹಿಸುಕಿ ಹೀರುವುದು, ಬಾದಾಮಿಯನ್ನು ಹೆಚ್ಚಿ ತಿನ್ನುವುದು, ನೆಂಟರು ಬಂದರೆ ಸೀಕರಣೆ. ಹಣ್ಣಿನ ಕೆನ್ನೆಗಳು ಮಕ್ಕಳಿಗೂ ಗಂಡಸರಿಗೂ ಹಂಚಿಹೋಗಿ, ವಾಟೆ ತಾಯಿಯ ಪಾಲಿಗೆ ಉಳಿಯುತ್ತಿತ್ತು. “ನನಗೆ ವಾಟೆಯೇ ಇಷ್ಟ ಕಣ್ರೋ” ಎನ್ನುತ್ತಿದ್ದಳು. ಮನೆಯ ಹೆಂಗಸರಿಗೆಲ್ಲ ವಾಟೆಯೇ ಇಷ್ಟವಾಗುವುದು ಲೋಕನಿಯಮವೆಂಬಂತೆ ಎಲ್ಲರೂ ನಡೆದುಕೊಳ್ಳುತ್ತಿದ್ದರು.

ಅದೇ ಕಾಲಕ್ಕೆ ಮಲ್ಲಿಗೆಯ ಸುಗ್ಗಿ. ಮೈಸೂರಿನಲ್ಲಿ ಹೆಣ್ಣುಮಗುವಿದ್ದ ಮನೆಯಲ್ಲಿ ಬೇಸಗೆಗೊಮ್ಮೆಯಾದರೂ ಮೊಗ್ಗಿನ ಜಡೆ ಆಗಲೇಬೇಕು. ಬಿರಿಯದ ಮೊಗ್ಗುಗಳನ್ನು ಒಂದೊಂದಾಗಿ ಹೊಲಿದು ಜಡೆಯ ಉದ್ದಕ್ಕೂ ಕೂಡಿಸುವ ಹೊತ್ತಿಗೆ ಚಿಕ್ಕಮ್ಮನ ಬೆನ್ನು ಸೋಲುತ್ತಿತ್ತು, ತಂಗಿಯ ಕತ್ತು ಸೋಲುತ್ತಿತ್ತು. ಬಳಿಕ ಛಾಯಾಚಿತ್ರದ ಅಂಗಡಿಗೆ ಮೆರವಣಿಗೆ. ಜಡೆಯೂ ಮುಖವೂ ಒಟ್ಟಿಗೆ ಕಾಣುವಂತೆ ಕನ್ನಡಿಯ ಮುಂದೆ ನಿಲ್ಲಿಸಿ ತೆಗೆದ ಅಂಥ ಚಿತ್ರಗಳು ಎಷ್ಟೋ ಮನೆಗಳ ಗೋಡೆಯ ಮೇಲೆ ಈಗಲೂ ಇವೆ. ಚಿತ್ರದಲ್ಲಿ ಮಗು ಇದೆ, ಮೊಗ್ಗು ಇದೆ. ಹೊಲಿದ ಕೈ ಮಾತ್ರ ಇಲ್ಲ.

ರಾತ್ರಿ ತಾರಸಿಯ ಮೇಲೆ ನೀರು ಚೆಲ್ಲಿ ಸಾಲಾಗಿ ಹಾಸಿಗೆ. ಬಡಗಣಕ್ಕೆ ಸಪ್ತರ್ಷಿಮಂಡಲ. ತೆಂಕಣದ ಮನೆಗಳ ಸೂರಿನ ಮೇಲೆ, ಮೇ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ, ತ್ರಿಶಂಕುವಿನ ನಾಲ್ಕು ನಕ್ಷತ್ರಗಳು. ಮೈಸೂರಿನ ಅಕ್ಷಾಂಶದಲ್ಲಿ ಅವು ದಿಗಂತದಿಂದ 17 ಡಿಗ್ರಿಯಷ್ಟೇ ಮೇಲೇರುವುದು. ಬಡಗಣ ಭಾರತದ ಬಹುಭಾಗದವರಿಗೆ ಆ ಭಾಗ್ಯವೂ ಇಲ್ಲ. ಸ್ವರ್ಗಕ್ಕೂ ಸಲ್ಲದೆ ಭೂಮಿಗೂ ಇಳಿಯದೆ ನಡುವೆ ನಿಂತ ಆ ದೊರೆಯ ಕಥೆಯನ್ನು ತಂದೆಯವರು ಹೇಳುತ್ತಿದ್ದಾಗ ಒಮ್ಮೆ ಸೋದರತ್ತೆ ನಕ್ಕು, “ತವರಿಗೆ ಬಂದ ಹೆಣ್ಣುಮಗಳ ಹಾಗೆ ಅನ್ನು ಅಣ್ಣಯ್ಯ, ಇತ್ತ ನೆಂಟಳೂ ಅಲ್ಲ, ಅತ್ತ ಮನೆಯವಳೂ ಅಲ್ಲ” ಎಂದಳು. ತಂದೆಯವರು ಮುಂದಿನ ನಕ್ಷತ್ರಕ್ಕೆ ಹೋದರು.

ಇಷ್ಟೆಲ್ಲ ಹೇಳಿದ ಮೇಲೆ, ‘ಆ ಕಾಲ ಚೆನ್ನಾಗಿತ್ತು, ಈ ಕಾಲ ಕೆಟ್ಟಿತು’ ಎಂದು ಮುಗಿಸುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಆ ಕಾಲದ ಸುಖ ಪುಕ್ಕಟೆಯದಲ್ಲ. ಅದರ ಬೆಲೆಯನ್ನು ತೆತ್ತವರ ಹೆಸರು ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ. ಅಂಥ ಕೆಲಸಕ್ಕೆ ಬೆಲೆಯುಂಟೆಂದು ತೋರಿಸಿಕೊಟ್ಟವರು ಮುಂಬಯಿಯ ಗಿರಗಾಂವಿನ ಏಳು ಮಂದಿ ಹೆಂಗಸರು. 1959ರ ಮಾರ್ಚ್ ತಿಂಗಳಿನಲ್ಲಿ, 80 ರೂಪಾಯಿ ಸಾಲ ತಂದು, ತಾವಿದ್ದ ಕಟ್ಟಡದ ತಾರಸಿಯ ಮೇಲೆ ಅವರು ಹಪ್ಪಳ ಮಾಡತೊಡಗಿದರು. ಇಂದು ದೇಶದ ಅಂಗಡಿಗಳಲ್ಲೆಲ್ಲ ಕಾಣುವ ಲಿಜ್ಜತ್ ಹಪ್ಪಳದ ಮೂಲ ಅದು. ಅದೇ ಹಿಟ್ಟು, ಅದೇ ಲಟ್ಟಣಿಗೆ, ಅದೇ ಬಿಸಿಲು. ನಮ್ಮ ತಾರಸಿಯಲ್ಲಿ ಅದಕ್ಕೆ ‘ಮನೆಗೆಲಸ’ವೆಂದು ಹೆಸರು, ಅಲ್ಲಿ ಅದಕ್ಕೆ ಕೂಲಿ ಸಿಕ್ಕಿತು.

ಕಾಲ ಈ ವಿಷಯದಲ್ಲಿ ಬಹಳ ಮುಂದೆ ಹೋಗಿದೆಯೆಂದು ಬೀಗುವಂತೆಯೂ ಇಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ. ಗಂಡಸರು 97 ನಿಮಿಷ. ಒಲೆ ಬದಲಾಯಿತು, ಒರಳು ಬದಲಾಯಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಹಳೆಯ ಮನೆಯ ಹೊಸ್ತಿಲಿನಂತೆ ಅಲ್ಲಿಯೇ ಇದೆ.

ಹಾಗಾದರೆ ಪೊಟ್ಟಣದ ಹಪ್ಪಳ ಬಂದದ್ದು ಒಳ್ಳೆಯದೇ ಆಯಿತಲ್ಲವೆ? ಈ ಪ್ರಶ್ನೆಯನ್ನು ನಾನು ಸೋದರತ್ತೆಗೇ ಹಾಕಿದೆ. ಆಕೆಗೆ ಈಗ ಎಂಬತ್ತೆಂಟು. ಕಿವಿ ಮಂದ, ಮಾತು ಚುರುಕು. “ಹಿಟ್ಟು ಕುಟ್ಟೋದು ಯಾರಿಗಪ್ಪ ಬೇಕು? ಅದು ಹೋದದ್ದೇ ಸರಿ. ಆದರೆ ಅಲ್ಲಿ ಕೂತು ಆಡುತ್ತಿದ್ದ ಮಾತು ಯಾವ ಅಂಗಡೀಲಿ ಸಿಗುತ್ತೆ ಹೇಳು” ಎಂದಳು. ಅನಂತರ ನಿಧಾನವಾಗಿ ಹೇಳಿದಳು: ಮದುವೆಯಾದ ಮೂರನೆಯ ವರ್ಷ ತನಗಾದ ಗರ್ಭಪಾತದ ವಿಷಯವನ್ನು ಅವಳು ಮೊದಲು ಬಾಯಿಬಿಟ್ಟದ್ದು ಆ ಹಪ್ಪಳದ ಮಣೆಯ ಮುಂದೆ. ಕೈ ಲಟ್ಟಿಸುತ್ತಿತ್ತು, ಕಣ್ಣು ಹಿಟ್ಟಿನ ಮೇಲಿತ್ತು. ಮುಖ ನೋಡದೆ ಹೇಳಬಹುದಾಗಿತ್ತು. ಕೇಳಿದವರೂ ಕೈ ನಿಲ್ಲಿಸಲಿಲ್ಲ. ಅಜ್ಜಿ ಒಂದು ಉಂಡೆಯನ್ನು ಅವಳ ಕಡೆಗೆ ತಳ್ಳಿ, “ಇನ್ನು ಹತ್ತು ದಿನ ಇಲ್ಲೇ ಇರು” ಎಂದಳಂತೆ. ಕೋಲು ಹಿಡಿದು ಕಾಗೆ ಓಡಿಸುತ್ತಿದ್ದ ನಮಗೆ ಕೇಳಿಸಿದ್ದು ನಗು ಮಾತ್ರ.

ಆದ್ದರಿಂದ ನಾವು ಕಳೆದುಕೊಂಡದ್ದು ಎರಡು: ಒಂದು ದುಡಿಮೆ, ಒಂದು ಸಭೆ. ಮೊದಲನೆಯದಕ್ಕಾಗಿ ಕಣ್ಣೀರಿಡುವುದು, ಎಂದೂ ಒನಕೆ ಹಿಡಿಯದವರ ಚಪಲ. ಎರಡನೆಯದನ್ನು ಸುಮ್ಮನೆ ಬಿಟ್ಟುಕೊಡಬಾರದು. ಕೈಗೆ ಒಂದಿಷ್ಟು ಕೆಲಸವಿದ್ದಾಗ ಮನಸ್ಸು ತೆರೆಯುತ್ತದೆ. ಎದುರುಬದುರು ಬರಿದೆ ಕುಳಿತರೆ ಮಾತು ಹೊರಡದು. ಈಗ ನಮ್ಮ ಮನೆಯಲ್ಲಿ ಬೇಸಗೆಗೊಂದು ಭಾನುವಾರ ಸಂಡಿಗೆಗೆ ಮೀಸಲು. ಒರಳು ತಿರುಗಿಸುವುದು ನನ್ನ ಮಗನ ಕೆಲಸ, ಒತ್ತುವುದು ಅಳಿಯನದು, ಹಿಟ್ಟು ಮಗುಚುವುದು ನನ್ನದು. ಮಡದಿ ಕುರ್ಚಿಯಲ್ಲಿ ಕುಳಿತು ತಪ್ಪು ಹುಡುಕುತ್ತಾಳೆ. ಆಗುವುದು ಎರಡು ಪಂಚೆಯಷ್ಟು ಮಾತ್ರ. ಆಕಾರದ ಬಗೆಗೆ ಹೇಳದಿರುವುದು ಕ್ಷೇಮ.

ಇದು ಅಸಾಧ್ಯವೆನ್ನುವವರಿಗೆ ನಾನು ನೆನಪಿಸುವುದು ಭರಣಿ ಮಳೆಯನ್ನು. ಏಪ್ರಿಲ್ ಕೊನೆಯಿಂದ ಮೇ ಹತ್ತರವರೆಗಿನ ಆ ದಿನಗಳಲ್ಲಿ ಮಧ್ಯಾಹ್ನ ಮೂರರವರೆಗೆ ಆಕಾಶ ಬೆಂಕಿ. ನಾಲ್ಕಕ್ಕೆ ಮೋಡ, ಧೂಳು, ಮೊದಲ ದಪ್ಪ ಹನಿ. “ಸಂಡಿಗೆ!” ಎಂದು ಯಾರೋ ಕೂಗಿದರೆ ಸಾಕು, ಇಡೀ ಮನೆ ತಾರಸಿಗೆ ನುಗ್ಗುತ್ತಿತ್ತು. ವರ್ಷವಿಡೀ ತಾವು ಕುಡಿದ ಲೋಟವನ್ನೂ ಎತ್ತಿಡದ ತಂದೆಯವರು ಪಂಚೆಯ ಒಂದು ತುದಿ ಹಿಡಿಯುತ್ತಿದ್ದರು. ಇನ್ನೊಂದು ತುದಿ ತಾಯಿಯ ಕೈಯಲ್ಲಿ. ಚಿಕ್ಕಪ್ಪ ಮೆಣಸಿನಕಾಯಿಯ ಮೊರ ಹೊತ್ತು ಮೆಟ್ಟಿಲಿಳಿಯುತ್ತಿದ್ದರು. ಯಾರ ಕೆಲಸ ಯಾವುದೆಂದು ಆಗ ಯಾರೂ ಕೇಳುತ್ತಿರಲಿಲ್ಲ. ಆ ಐದು ನಿಮಿಷ ಮಾತ್ರ ಮನೆಯಲ್ಲಿ ಗಂಡಸರ ಕೆಲಸ, ಹೆಂಗಸರ ಕೆಲಸವೆಂಬ ಭೇದವಿರಲಿಲ್ಲ. ಅಷ್ಟಕ್ಕೆ ಮಳೆಯೇ ಬರಬೇಕೆಂದು ಕಾಯುವುದೇಕೆ?