ಭಾರದ ಲಾರಿಯೂ ಗೇರಿನ ಕ್ರಮವೂ

ಹಾರನಹಳ್ಳಿಯ ಮಾರ್ಗವಾಗಿ ಅರಸೀಕೆರೆಯಿಂದ ಹಾಸನದತ್ತ ತೆಂಗಿನಕಾಯಿ ಹೇರಿಕೊಂಡು ಸಾಗುವ ಲಾರಿಯ ಚಾಲಕನು ಎಂಜಿನ್ ಚಾಲೂ ಆದೊಡನೆಯೇ ಹೊರಡತಕ್ಕದ್ದಲ್ಲ. ಏರ್‌ಬ್ರೇಕಿನ ಟ್ಯಾಂಕುಗಳಲ್ಲಿ ಸಾಕಷ್ಟು ಒತ್ತಡ ತುಂಬಿ ಮಾಪಕದ ಮುಳ್ಳು ಮೇಲೇರುವವರೆಗೆ ಕಾಯುವುದು ಅವನ ಪ್ರಥಮ ಕರ್ತವ್ಯ. ಬಳಿಕ ಮೊದಲನೆಯ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡುತ್ತ ಕ್ಲಚ್ಚನ್ನು ಮೆಲ್ಲಮೆಲ್ಲನೆ ಸಡಿಲಿಸಿದರೆ ಹೊರೆಯು ಜಗ್ಗದೆ ಚಲಿಸತೊಡಗುವುದು.

ಹಲ್ಲುಗಳ ವೇಗವನ್ನು ತಾನೇ ಸಮಗೊಳಿಸುವ ಸಿಂಕ್ರೋಮೆಶ್ ಇಲ್ಲದ ಹಳೆಯ ಗೇರ್‌ಬಾಕ್ಸಿನಲ್ಲಿ ಕೆಳಗಿನ ಗೇರಿಗೆ ಇಳಿಯಬೇಕಾದರೆ, ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ತುಸು ಅದುಮಿ, ಹಲ್ಲುಗಳ ವೇಗ ಸಮವಾದೊಡನೆ ಮತ್ತೆ ಕ್ಲಚ್ ಒತ್ತಿ ಗೇರು ಕೂಡಿಸಬೇಕು.

ಹಾಸನ ದಾಟಿ ಶಿರಾಡಿ ಘಾಟಿಯನ್ನಿಳಿಯುವವನಂತೂ ಇಳಿಜಾರಿಗೆ ಮುನ್ನವೇ ಕೆಳಗಿನ ಗೇರನ್ನು ಹಿಡಿಯತಕ್ಕದ್ದು. ನ್ಯೂಟ್ರಲ್ಲಿನಲ್ಲಿ ಇಳಿದರೆ ಎಂಜಿನ್ನಿನ ತಡೆ ತಪ್ಪಿ, ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುವುವು. ಡೀಸೆಲ್ಲಿನ ಅಲ್ಪ ಉಳಿತಾಯಕ್ಕಾಗಿ ಪ್ರಾಣವನ್ನು ಪಣಕ್ಕಿಡಲಾಗದು.