ದೊಡ್ಡ ಟೂ-ಸ್ಟ್ರೋಕ್ ಬೈಕ್: ಜನರ ಮಾತು, ಇಂಜಿನ್ನಿನ ಮಾತು

ಹೋಂಡಾ ಕಂಪನಿ 1984ರಿಂದ 2001ರವರೆಗೆ ಸಿಆರ್500ಆರ್ ಎಂಬ ಮೋಟೊಕ್ರಾಸ್ (ಮಣ್ಣಿನ ಟ್ರ್ಯಾಕ್ ರೇಸ್) ಬೈಕ್ ತಯಾರಿಸಿತು. ಒಂದೇ ಸಿಲಿಂಡರ್, 491 ಸಿಸಿ, ಸೆಲ್ಫ್ ಸ್ಟಾರ್ಟ್ ಇಲ್ಲ. ಶಕ್ತಿ ಸುಮಾರು 60 ಹಾರ್ಸ್‌ಪವರ್, ತೂಕ 100 ಕೆ.ಜಿ. ಆಸುಪಾಸು. ನಮ್ಮ ರಸ್ತೆಯಲ್ಲಿ ಓಡಾಡುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ ಶಕ್ತಿ 20 ಹಾರ್ಸ್‌ಪವರ್, ತೂಕ 195 ಕೆ.ಜಿ. ಅದರ ಅರ್ಧ ತೂಕ, ಮೂರು ಪಟ್ಟು ಶಕ್ತಿ! ಈ ಲೆಕ್ಕದ ಸುತ್ತ ಕತೆಗಳು ಹುಟ್ಟದೆ ಇರುತ್ತವೆಯೇ? ಯೆಜ್ದಿ, ಆರ್‌ಎಕ್ಸ್100 ಓಡಿಸಿ ಟೂ-ಸ್ಟ್ರೋಕ್ ರುಚಿ ಹತ್ತಿದವರು ಹೊರದೇಶದಲ್ಲಿ ನೆಲೆಸಿದ ಮೇಲೆ ಹಳೆಯ ಸಿಆರ್500 ಅಥವಾ ಕವಾಸಾಕಿ ಕೆಎಕ್ಸ್500 ಕೊಳ್ಳುವ ಆಸೆ ಇಟ್ಟುಕೊಂಡಿದ್ದರೆ, ದುಡ್ಡು ಕೊಡುವ ಮೊದಲು ಆ ಕತೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಒಳ್ಳೆಯದು.

ತಪ್ಪು ಕಲ್ಪನೆ: ಕ್ಲಚ್ ಬಿಟ್ಟ ಕೂಡಲೇ ಎತ್ತಿ ಎಸೆಯುತ್ತದೆ, ಹುಚ್ಚು ಧೈರ್ಯ ಇದ್ದವರಿಗೆ ಮಾತ್ರ ಈ ಗಾಡಿ.

ವಾಸ್ತವ: ಟೂ-ಸ್ಟ್ರೋಕ್ ಇಂಜಿನ್ನಿನ ಜೀವಾಳ ಅದರ ಚೇಂಬರ್. ಸಿಲಿಂಡರ್‌ನಿಂದ ಸೈಲೆನ್ಸರ್‌ವರೆಗೆ ನಡುವೆ ಉಬ್ಬಿಕೊಂಡ ಆ ಕೊಳವೆ, ಹೊರಗೆ ಸೋರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಒತ್ತಡದ ಅಲೆಯಿಂದ ಮರಳಿ ಒಳಕ್ಕೆ ತಳ್ಳುತ್ತದೆ. ಈ ತಳ್ಳುವಿಕೆ ಸರಿಯಾಗಿ ಕೂಡಿಬರುವುದು ಒಂದು ನಿರ್ದಿಷ್ಟ ವೇಗದ ಆಸುಪಾಸಿನಲ್ಲಿ ಮಾತ್ರ. ಅಲ್ಲಿಗೆ ಮುಟ್ಟುವ ತನಕ 125 ಸಿಸಿ ಮೋಟೊಕ್ರಾಸ್ ಬೈಕ್‌ನಲ್ಲಿ ಎಳೆತವೇ ಇರುವುದಿಲ್ಲ, ಮುಟ್ಟಿದೊಡನೆ ಜಿಗಿಯುತ್ತದೆ. ಅದನ್ನು ಸದಾ 11,000 ಆರ್‌ಪಿಎಂ ಸುತ್ತಮುತ್ತ ರೈಸ್ ಮಾಡಿಕೊಂಡೇ ಇರಬೇಕು. 500ರ ಸ್ವಭಾವ ಬೇರೆ. ಸಿಲಿಂಡರ್ ದೊಡ್ಡದಾದ್ದರಿಂದ ಚೇಂಬರಿನ ನೆರವಿಗೆ ಕಾಯದೆ, ಕೆಳಗಿನ ಆರ್‌ಪಿಎಂನಲ್ಲೇ ಗಟ್ಟಿಯಾಗಿ ಎಳೆಯುತ್ತದೆ. 6,000ರ ಸುಮಾರಿಗೆ ಅದರ ಶಕ್ತಿ ತುದಿ ಮುಟ್ಟಿರುತ್ತದೆ.

ಹಾಗಾಗಿ ಇದನ್ನು ಓಡಿಸುವ ಕ್ರಮವೇ ಬೇರೆ. ಎರಡನೇ ಗೇರಿನಲ್ಲಿ ಹೊರಟು, ಬೇಗ ಬೇಗ ಮೇಲಿನ ಗೇರಿಗೆ ಹೋಗಿ, 250ರಲ್ಲಿ ಎರಡನೇ ಗೇರಿನಲ್ಲಿ ತಿರುಗುವ ತಿರುವನ್ನು ಇದರಲ್ಲಿ ಮೂರನೆಯದರಲ್ಲೇ ತಿರುಗಬೇಕು. ಬಲಗೈ ಮಣಿಕಟ್ಟು ಕೂದಲೆಳೆಯಷ್ಟೇ ಆಡಬೇಕು. ಬಿದ್ದವರಲ್ಲಿ ಬಹಳಷ್ಟು ಜನ ಬೀಳುವುದು ಹ್ಯಾಂಡಲ್ ಹಿಡಿದು ನೇತಾಡುವುದರಿಂದ. ಗಾಡಿ ಮುಂದಕ್ಕೆ ನುಗ್ಗಿದಾಗ ಮೈ ಹಿಂದಕ್ಕೆ ವಾಲುತ್ತದೆ, ವಾಲಿದ ಮೈ ಕೈಯನ್ನು ಎಳೆಯುತ್ತದೆ, ಕೈ ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸುತ್ತದೆ. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ಮುಂದಕ್ಕೆ ಕೂತು, ಒಂದು ಬೆರಳನ್ನು ಯಾವಾಗಲೂ ಕ್ಲಚ್ ಮೇಲೆ ಇಟ್ಟವನಿಗೆ ಈ ಸುಳಿ ಅಷ್ಟು ಸುಲಭವಾಗಿ ಸುತ್ತಿಕೊಳ್ಳುವುದಿಲ್ಲ. ಹಾಗೆಂದು ಹೊಸಬರಿಗೆ ಇದು ತಕ್ಕ ಗಾಡಿಯಲ್ಲ. ಆರ್‌ಎಕ್ಸ್100 ಚೆನ್ನಾಗಿ ಓಡಿಸುತ್ತೇನೆ ಎಂಬುದು ಇಲ್ಲಿ ಅರ್ಹತೆಯೂ ಅಲ್ಲ. ಇಂಜಿನ್ನಿಗೆ ಅದುರು ತಡೆಯುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲದ್ದರಿಂದ, ಪಳಗಿದವರಿಗೂ ಕೆಲವೇ ಸುತ್ತುಗಳಲ್ಲಿ ಮುಂಗೈ ಕಲ್ಲಾಗುತ್ತದೆ. ಕೆಎಕ್ಸ್500ರಲ್ಲಿ ಎಕ್ಸಾಸ್ಟ್ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಪವರ್ ವಾಲ್ವ್ ಇತ್ತು. ಸಿಆರ್500ಕ್ಕೆ ಕೊನೆಯವರೆಗೂ ಅದನ್ನು ಕೊಡಲಿಲ್ಲ.

ತಪ್ಪು ಕಲ್ಪನೆ: ಸಿಸಿ ಹೆಚ್ಚಿದಷ್ಟೂ ಟ್ರ್ಯಾಕ್‌ನಲ್ಲಿ ವೇಗ ಹೆಚ್ಚು.

ವಾಸ್ತವ: 1986ರಲ್ಲಿ ಇಟಲಿಯ ಮಾಜೋರಾದಲ್ಲಿ ನಡೆದ ಮೋಟೊಕ್ರಾಸ್ ದೆ ನಾಸಿಯೋಂ ಎಂಬ ದೇಶಗಳ ತಂಡಗಳ ಸ್ಪರ್ಧೆ ಇದಕ್ಕೆ ಉತ್ತರ. ಅಲ್ಲಿ 125 ಮತ್ತು 500 ಸಿಸಿ ಬೈಕ್‌ಗಳು ಒಂದೇ ರೇಸಿನಲ್ಲಿ ಓಡಿದವು. ಅಮೆರಿಕದ ಡೇವಿಡ್ ಬೇಲಿ 500ರಲ್ಲಿ ಮೊದಲು ಬಂದರು. ಅವರ ಹಿಂದೆಯೇ ಎರಡನೆಯವರಾಗಿ ಬಂದವರು ಅದೇ ತಂಡದ ಜಾನಿ ಒಮಾರಾ, ಅದೂ 125ರ ಮೇಲೆ. 500 ಸಿಸಿಯ ವಿಶ್ವ ಚಾಂಪಿಯನ್ ಡೇವ್ ಥೋರ್ಪ್ ಒಮಾರಾಗಿಂತ ಹಿಂದುಳಿದರು. ಮೋಟೊಕ್ರಾಸ್‌ನಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಓಟ ಅದು. ಇಕ್ಕಟ್ಟಾದ ತಿರುವುಗಳಲ್ಲಿ ಹೆಚ್ಚುವರಿ ಶಕ್ತಿ ಹಿಂದಿನ ಚಕ್ರವನ್ನು ಸುಮ್ಮನೆ ಸುತ್ತಿಸುತ್ತದೆ, ಸವಾರನನ್ನು ದಣಿಸುತ್ತದೆ.

500ರ ನಿಜವಾದ ನೆಲ ಬಯಲು. ಮೆಕ್ಸಿಕೋದ ಬಾಹಾ 1000 ಮರುಭೂಮಿ ಓಟದಲ್ಲಿ, 80ರ ದಶಕದ ಕೊನೆ ಮತ್ತು 90ರ ದಶಕದ ಆರಂಭದಲ್ಲಿ ಲ್ಯಾರಿ ರೋಸ್ಲರ್ ಮತ್ತು ಜೊತೆಗಾರರು ಕೆಎಕ್ಸ್500 ಮೇಲೆ ಮತ್ತೆ ಮತ್ತೆ ಗೆದ್ದರು.

ತಪ್ಪು ಕಲ್ಪನೆ: ಕಿಕ್ ಹೊಡೆದರೆ ಕಾಲು ಮುರಿಯುತ್ತದೆ.

ವಾಸ್ತವ: ಕಿಕ್ ತಿರುಗಿ ಬಡಿಯುವುದು ನಿಜ, ಅದಕ್ಕೆ ಕಾರಣ ಅರೆಮನಸ್ಸಿನ ಕಿಕ್. ಪಿಸ್ಟನ್ ತುದಿ ದಾಟುವ ಮೊದಲೇ ಕಿಡಿ ಹಾರಿದರೆ ಕ್ರ್ಯಾಂಕ್ ಹಿಮ್ಮುಖವಾಗಿ ಸುತ್ತಿ ಲಿವರ್ ಪಾದಕ್ಕೆ ಹೊಡೆಯುತ್ತದೆ. ಮೊದಲು ಲಿವರನ್ನು ನಿಧಾನವಾಗಿ ಒತ್ತಿ, ಗಟ್ಟಿಯಾದ ತಡೆ ಸಿಕ್ಕಲ್ಲಿಂದ ಒಂಚೂರು ಮುಂದೆ ದಾಟಿಸಬೇಕು. ಆಮೇಲೆ ಲಿವರನ್ನು ಮೇಲೆ ಬರಗೊಟ್ಟು, ಆಕ್ಸಿಲರೇಟರ್ ಮುಟ್ಟದೆ, ಇಡೀ ಮೈತೂಕ ಹಾಕಿ ಕೊನೆಯವರೆಗೂ ತುಳಿಯಬೇಕು. ಕಾಲಿಗೆ ಮೋಟೊಕ್ರಾಸ್ ಬೂಟ್ ಇರಲೇಬೇಕು, ಚಪ್ಪಲಿ ಹಾಕಿಕೊಂಡು ಹತ್ತಿರವೂ ಹೋಗಬಾರದು.

ತಪ್ಪು ಕಲ್ಪನೆ: ಪೆಟ್ರೋಲಿಗೆ ಆಯಿಲ್ ಹೆಚ್ಚು ಹಾಕಿದಷ್ಟೂ ಇಂಜಿನ್ನಿಗೆ ಕ್ಷೇಮ.

ವಾಸ್ತವ: ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿಗೆ ಪೆಟ್ರೋಲ್ ಬಂಕ್‌ನಲ್ಲೇ ಆಯಿಲ್ ಬೆರೆಸಿ ಹಾಕಿಸಿದ ನೆನಪು ಹಿರಿಯರಿಗೆ ಇರುತ್ತದೆ. ಇನ್ನೊಂದಿಷ್ಟು ಇರಲಿ ಬಿಡು ಎಂಬ ಮಾತು ಅಂದಿನಿಂದಲೂ ನಡೆದು ಬಂದಿದೆ. ಆದರೆ ಕಾರ್ಬ್ಯುರೇಟರಿನ ಜೆಟ್ ಎಂಬ ಸಣ್ಣ ರಂಧ್ರದಲ್ಲಿ ಹಾಯುವ ಒಟ್ಟು ದ್ರವ ಅಷ್ಟೇ. ಅದರಲ್ಲಿ ಆಯಿಲ್ ಪಾಲು ಹೆಚ್ಚಾದರೆ ಪೆಟ್ರೋಲ್ ಪಾಲು ತಗ್ಗುತ್ತದೆ, ಆಯಿಲ್ ದಪ್ಪವಾದ್ದರಿಂದ ಹರಿವೂ ನಿಧಾನವಾಗುತ್ತದೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿಯಾದ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಸೀಜ್ ಆಗದಿರಲೆಂದು ಧಾರಾಳವಾಗಿ ಸುರಿದ ಆಯಿಲೇ ಸೀಜ್‌ಗೆ ದಾರಿ ಮಾಡಿಕೊಡಬಹುದು. ಬಹುಮಂದಿ ಬಳಸುವ 32:1 ಅಳತೆಯಲ್ಲಿ ಒಂದು ಲೀಟರ್ ಪೆಟ್ರೋಲಿಗೆ 31 ಮಿ.ಲೀ., ಐದು ಲೀಟರಿಗೆ 156 ಮಿ.ಲೀ. ಆಯಿಲ್ ಬೇಕು. ಅಳತೆ ಪಾತ್ರೆಯಲ್ಲೇ ಅಳೆಯಬೇಕು. ಒಂದು ಅನುಪಾತ ಆರಿಸಿಕೊಂಡು, ಅದಕ್ಕೆ ಜೆಟ್ ಹೊಂದಿಸಿ, ಮತ್ತೆ ಬದಲಾಯಿಸಬಾರದು.

ತಪ್ಪು ಕಲ್ಪನೆ: ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಹಾಗಾಗಿ ಇದಕ್ಕೆ ಆರೈಕೆಯೇ ಬೇಡ.

ವಾಸ್ತವ: ಬಿಡಿಭಾಗಗಳು ಕಮ್ಮಿ, ಬಿಚ್ಚಿ ಜೋಡಿಸುವುದು ಸುಲಭ, ಮನೆಯ ಶೆಡ್‌ನಲ್ಲೇ ಪಿಸ್ಟನ್ ಬದಲಾಯಿಸಬಹುದು. ಈ ಸರಳತೆಗಾಗಿಯೇ ನಾನು ಟೂ-ಸ್ಟ್ರೋಕ್ ಪರ. ಆದರೆ ತಪ್ಪನ್ನು ಇದು ಸಹಿಸಿಕೊಳ್ಳುವುದಿಲ್ಲ. ಸಿಆರ್500ರ ಪಿಸ್ಟನ್ 89 ಮಿ.ಮೀ. ಅಗಲದ ಅಲ್ಯೂಮಿನಿಯಂ ತುಂಡು. ಸ್ಟಾರ್ಟ್ ಮಾಡಿದ ಕೂಡಲೇ ಅದು ಕಾದು ಹಿಗ್ಗುತ್ತದೆ, ಸುತ್ತ ತಣ್ಣನೆಯ ನೀರು ತುಂಬಿಕೊಂಡ ಸಿಲಿಂಡರ್ ಅಷ್ಟು ಬೇಗ ಹಿಗ್ಗುವುದಿಲ್ಲ. ಆ ಹೊತ್ತಿನಲ್ಲಿ ಜೋರಾಗಿ ರೈಸ್ ಮಾಡಿದರೆ ಪಿಸ್ಟನ್ ಗೋಡೆಗೆ ಉಜ್ಜಿ ಹಿಡಿದುಕೊಳ್ಳುತ್ತದೆ. ರೇಡಿಯೇಟರ್ ಮುಟ್ಟಿ ಬೆಚ್ಚಗಾಗಿದೆ ಎಂದು ಖಾತ್ರಿಯಾಗುವ ತನಕ ಹೊರಡಬಾರದು.

ಹವಾಮಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಳಿಯ ಬೆಳಿಗ್ಗೆ ಗಾಳಿ ಸಾಂದ್ರ, ಅದಕ್ಕೆ ದೊಡ್ಡ ಜೆಟ್ ಬೇಕು. ಬೆಟ್ಟದ ಮೇಲೆ ಗಾಳಿ ತೆಳು, ಅಲ್ಲಿ ಸಣ್ಣದು. ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾದಂತೆಯೇ, ಜೆಟ್ ದೊಡ್ಡದಾಗಬೇಕು. ಎಥನಾಲ್ ತೇವವನ್ನೂ ಹೀರುವುದರಿಂದ, ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡುವುದು ಬೇಡ. ಇಂಜಿನ್ ಅದುರಿಗೆ ಬೋಲ್ಟ್‌ಗಳು ಸಡಿಲವಾಗುತ್ತವೆ, ಪ್ರತಿ ಸವಾರಿಗೂ ಮುನ್ನ ಸ್ಪ್ಯಾನರ್ ಹಿಡಿಯಲೇಬೇಕು.

ತಪ್ಪು ಕಲ್ಪನೆ: ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನಿಗೆ ವಿಶ್ರಾಂತಿ.

ವಾಸ್ತವ: ಒಳಗಿನ ಬೇರಿಂಗ್‌ಗಳಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಮುಚ್ಚಿದರೆ, ಇಂಜಿನ್ ರಭಸವಾಗಿ ಸುತ್ತುತ್ತಲೇ ಇರುತ್ತದೆ, ಆಯಿಲ್ ಮಾತ್ರ ಹೋಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಒಂದು ಸಲ ರೈಸ್ ಮಾಡಿದರೆ ಸಾಕು. ಗಾಡಿ ತಡೆಯಲು ಬ್ರೇಕನ್ನೇ ನಂಬಬೇಕು.

ತಪ್ಪು ಕಲ್ಪನೆ: ಹೊಗೆಯ ಕಾರಣಕ್ಕೆ 500 ಟೂ-ಸ್ಟ್ರೋಕ್‌ಗಳನ್ನು ನಿಷೇಧಿಸಿದರು.

ವಾಸ್ತವ: ಸ್ಪರ್ಧೆಗೆಂದೇ ಮಾಡಿದ ಬೈಕ್‌ಗಳಿಗೆ ಅಮೆರಿಕದ ಕೇಂದ್ರ ಹೊಗೆ ನಿಯಮಗಳಲ್ಲಿ ವಿನಾಯಿತಿ ಇದೆ. 500ರ ಅಂತ್ಯ ಬಂದದ್ದು ಬೇರೆ ದಾರಿಯಲ್ಲಿ. ಸುಜುಕಿ 80ರ ದಶಕದ ನಡುವೆಯೇ ಕೈಬಿಟ್ಟಿತು, ಯಮಹಾ ವೈಝಡ್490 1990ಕ್ಕೆ ನಿಂತಿತು. ಸ್ಟೇಡಿಯಂಗಳ ಸೂಪರ್‌ಕ್ರಾಸ್ 250ಗಳ ಆಟವಾಯಿತು. ಅಮೆರಿಕದ 500 ಸಿಸಿ ರಾಷ್ಟ್ರೀಯ ಚಾಂಪಿಯನ್‌ಶಿಪ್ 1993ಕ್ಕೆ ಮುಗಿಯಿತು, ಅದರ ಕೊನೆಯ ಚಾಂಪಿಯನ್ ಕೆಎಕ್ಸ್500 ಓಡಿಸಿದ ಮೈಕ್ ಲರಾಕೋ. ವಿಶ್ವಮಟ್ಟದ 500 ವರ್ಗದಲ್ಲಿ ಟೂ-ಸ್ಟ್ರೋಕ್ ಕೊನೆಯ ಸಲ ಗೆದ್ದದ್ದು 1996ರಲ್ಲಿ, ನ್ಯೂಜಿಲೆಂಡಿನ ಶೇನ್ ಕಿಂಗ್ ಕೆಟಿಎಂ 360ರ ಮೇಲೆ. ಆಮೇಲೆ ಬಂದ ನಿಯಮಗಳು 250 ಟೂ-ಸ್ಟ್ರೋಕ್ ಎದುರು 450 ಫೋರ್-ಸ್ಟ್ರೋಕನ್ನು ನಿಲ್ಲಿಸಿದವು. ಈ ಪೈಪೋಟಿ ಸಮಬಲದ್ದಲ್ಲ, ಇಷ್ಟು ವರ್ಷವಾದರೂ ನನಗೆ ಇದು ಸರಿಯೆನಿಸಿಲ್ಲ. ಕವಾಸಾಕಿ ಮಾತ್ರ 2004ರವರೆಗೂ ಕೆಎಕ್ಸ್500 ಮಾರಿತು.

ತಪ್ಪು ಕಲ್ಪನೆ: ಕೊಂಡು ಊರಿಗೆ ತಂದರೆ ರಸ್ತೆಯಲ್ಲೂ ಒಂದು ಸುತ್ತು ಹಾಕಬಹುದು.

ವಾಸ್ತವ: ಹೆಡ್‌ಲೈಟ್, ಹಾರ್ನ್, ಆರ್‌ಟಿಒ ನೋಂದಣಿ ಯಾವುದೂ ಇಲ್ಲದ ರೇಸ್ ಬೈಕನ್ನು ನಮ್ಮ ದೇಶದ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ರಸ್ತೆ ಬಿಟ್ಟು ಮಲೆನಾಡಿನ ಕಾಯ್ದಿಟ್ಟ ಅರಣ್ಯಕ್ಕೆ ಅಪ್ಪಣೆಯಿಲ್ಲದೆ ನುಗ್ಗುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರಡಿ ಅಪರಾಧ.

ತಪ್ಪು ಕಲ್ಪನೆ: ಒಂದೇ ಕಿಕ್‌ಗೆ ಸ್ಟಾರ್ಟ್ ಆದ ಹಳೆಯ 500 ಒಳ್ಳೆಯ ಸ್ಥಿತಿಯಲ್ಲಿದೆ ಎಂದರ್ಥ.

ವಾಸ್ತವ: ಮಾರುವವರು ಮೊದಲೇ ಬಿಸಿ ಮಾಡಿಟ್ಟಿರಬಹುದು, ಇಂಜಿನ್ ತಣ್ಣಗಿದ್ದಾಗಲೇ ನೋಡಬೇಕು. ಮ್ಯಾಗ್ನೆಟೊ ಕವರ್ ಬಿಚ್ಚಿ ಫ್ಲೈವೀಲ್ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಅಲುಗಿದರೆ ಕ್ರ್ಯಾಂಕ್ ಬೇರಿಂಗ್ ಸವೆದಿದೆ. ಗೇರ್‌ಬಾಕ್ಸ್ ಆಯಿಲ್ ಕಮ್ಮಿಯಾಗುತ್ತಾ ಹೊಗೆ ದಟ್ಟವಾಗುತ್ತಿದ್ದರೆ ಕ್ಲಚ್ ಬದಿಯ ಸೀಲ್ ಹೋಗಿದೆ. ಮ್ಯಾಗ್ನೆಟೊ ಬದಿಯ ಸೀಲ್ ಹೋದರೆ ಹೊಗೆಯ ಸುಳಿವೂ ಸಿಗುವುದಿಲ್ಲ, ಹೊರಗಿನ ಗಾಳಿ ಒಳಸೇರಿ ಪಿಸ್ಟನ್ ಸುಟ್ಟಾಗಲೇ ತಿಳಿಯುವುದು. ಅದನ್ನು ಮೊದಲೇ ಕಂಡುಹಿಡಿಯಲು ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಿ, ಇಂಜಿನ್ನಿಗೆ 6 ಪಿಎಸ್‌ಐ ಗಾಳಿ ತುಂಬಿಸಿ, ಆರು ನಿಮಿಷ ಇಳಿಯದೆ ನಿಲ್ಲುತ್ತದೆಯೇ ನೋಡಬೇಕು. ಪಿಸ್ಟನ್, ರಿಂಗ್‌ಗಳನ್ನು ವೈಸ್ಕೋದಂಥ ಕಂಪನಿಗಳು ಮಾಡುತ್ತವೆ. ಒಡೆದ ಕ್ರ್ಯಾಂಕ್‌ಕೇಸ್, ಹಲ್ಲು ಮುರಿದ ಗೇರುಗಳಿಗೆ ಬದಲಿ ಹುಡುಕುವುದೇ ಕಷ್ಟ. ಐದೂ ಗೇರುಗಳಲ್ಲಿ ಓಡಿಸಿ ನೋಡಲು ಬಿಡದವರಿಂದ ಕೊಳ್ಳಬೇಡಿ.