ಹಿತ್ತಿಲಿಗೊಂದು ಅಶೋಕ

ಅಶೋಕವೆಂದೊಡನೆ ನಮ್ಮಲ್ಲಿ ಹೆಚ್ಚಿನವರು ಬೆರಳು ತೋರುವುದು ಕಾಂಪೌಂಡಿನುದ್ದಕ್ಕೂ ಸಿಪಾಯಿಗಳಂತೆ ಸಾಲಾಗಿ ನಿಂತ ನೀಳ ಮರಗಳ ಕಡೆಗೆ. ಅವು ಸೀತಾಫಲದ ಕುಟುಂಬಕ್ಕೆ ಸೇರಿದವು. ರಾಮಾಯಣದ ಅಶೋಕವನಕ್ಕೆ ಹೆಸರಿತ್ತ ಮರ, ಕಾಳಿದಾಸನ ನಾಟಕದಲ್ಲಿ ಮಾಲವಿಕೆಯ ಪಾದತಾಡನದಿಂದ ಹೂವಾದ ಮರ ಬೇರೆಯೇ ಉಂಟು. ಅದು ಹುಣಿಸೆಯ ಬಂಧು. ಪಶ್ಚಿಮ ಘಟ್ಟದ ತಂಪು ಕಾಡುಗಳ ಮಗು. ಸಸಿ ಕೊಳ್ಳುವವರು ಎಲೆಯನ್ನು ನೋಡಬೇಕು: ಒಂದೇ ದಂಟಿನ ಇಕ್ಕೆಲಗಳಲ್ಲಿ ಜೋಡಿಜೋಡಿಯಾಗಿ ಎಲೆಗಳಿದ್ದರೆ ಅದು ನಿಜವಾದ ಅಶೋಕ.

ಇದನ್ನು ಮನೆಯಲ್ಲಿ ಬೆಳೆಸುವುದಕ್ಕೆ ಬೇಕಾದ ದೊಡ್ಡ ಗುಣ ತಾಳ್ಮೆ. ಬೀಜವನ್ನು ಡಬ್ಬಿಯಲ್ಲಿ ಕಾಪಿಟ್ಟರೆ ಜೀವ ಹೋಗುತ್ತದೆ. ಉದುರಿದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಸಸಿಗೆ ಅರೆನೆರಳು, ತರಗೆಲೆ ಗೊಬ್ಬರ ಬೆರೆತ ಮಣ್ಣು, ಬೇಸಿಗೆಯಲ್ಲಿ ತಪ್ಪದ ನೀರು ಬೇಕು. ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಬಾವಿಯ ಬಳಿ, ಹಲಸಿನ ನೆರಳಂಚಿನಲ್ಲಿ ನಾನು ನೆಟ್ಟದ್ದು ಏಳನೆಯ ವರ್ಷ ಹೂ ಬಿಟ್ಟಿತು. ಚಿಗುರು ತಾಮ್ರವರ್ಣದ ಕುಚ್ಚುಗಳಾಗಿ ಜೋತುಬೀಳುತ್ತದೆ, ಬಾಡಿತೆಂದು ಗಾಬರಿಪಡಬೇಕಾಗಿಲ್ಲ. ಹೂಗೊಂಚಲುಗಳು ಹಳೆಯ ಕಾಂಡದ ಮೇಲೂ ಮೂಡಿ, ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತವೆ. ರಾತ್ರಿ ಹಿತ್ತಿಲ ಬಾಗಿಲು ತೆರೆದರೆ ನವುರಾದ ಕಂಪು.

ಹೂವಿನ ಸುದ್ದಿ ಹಬ್ಬಿದ ಮೇಲೆ ನೆರೆಮನೆಯ ಅಜ್ಜಿ ಬಂದರು. "ರಾಯರೇ, ಸೊಸೆಗೆ ಕಷಾಯ ಕಾಯಿಸಬೇಕು. ಅಂಗೈಯಗಲ ತೊಗಟೆ ಕೊಡಿ," ಎಂದರು.

ಕೇಳಿದ್ದು ಬಹಳವೇನಲ್ಲ. ಆದರೆ ಹೆಂಗಸರ ಕಾಯಿಲೆಗಳಿಗೆ ಆಯುರ್ವೇದವು ಈ ತೊಗಟೆಯನ್ನು ಹೇಳಿದ್ದೇ ಕಾಡಿನ ಮರಕ್ಕೆ ಮುಳುವಾಗಿದೆ. ಸುತ್ತಲೂ ಸುಲಿಸಿಕೊಂಡ ಮರ ಬದುಕುವುದಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘವು 1998ರಲ್ಲಿಯೇ ಇದನ್ನು ಅಳಿವಿನ ಭಯವಿರುವ ಮರಗಳ ಪಟ್ಟಿಗೆ ಸೇರಿಸಿತು. ಅಸಲು ತೊಗಟೆ ಸಾಲದೆ, ಪೇಟೆಯಲ್ಲಿ ಆ ಸಿಪಾಯಿ ಮರದ ತೊಗಟೆಯನ್ನು ಬೆರೆಸಿ ಮಾರುವುದೂ ಉಂಟು. ಹೆಸರಿನ ಗೊಂದಲವು ಹೀಗೆ ಔಷಧದ ಪಾತ್ರೆಯವರೆಗೆ ಹೋಗಿ ಮುಟ್ಟಿದೆ.

ಬಾಗಿಲಿಗೆ ಬಂದ ಹಿರಿಯರಿಗೆ ಇಲ್ಲವೆನ್ನುವುದು ಸುಲಭವಲ್ಲ. ಆದರೂ, "ತೊಗಟೆ ಬೇಡ, ಅಜ್ಜಿ. ಮೊದಲು ಸೊಸೆಯನ್ನು ವೈದ್ಯರಿಗೆ ತೋರಿಸೋಣ," ಎಂದು ಹೇಳಿ, ಬುಡದಲ್ಲಿ ಮೊಳೆತಿದ್ದ ಎರಡು ಸಸಿಗಳನ್ನು ಮಣ್ಣುಸಮೇತ ಎತ್ತಿ ಕೊಟ್ಟೆನು.

"ಇವು ಮರವಾಗುವ ಹೊತ್ತಿಗೆ ನಾನಿರುತ್ತೇನೆಯೇ?" ಎಂದು ಅವರು ನಕ್ಕರು. ನಕ್ಕರೂ ಸಸಿಗಳನ್ನು ಸೆರಗಿನ ಮರೆಯಲ್ಲಿ ಜೋಪಾನವಾಗಿ ಒಯ್ದರು. ಒಂದು ಒಣಗಿತು, ಇನ್ನೊಂದು ಅವರ ಬಚ್ಚಲುಮನೆಯ ಹಿಂದೆ ಆಳೆತ್ತರ ಬೆಳೆದಿದೆ.

ಕಾಡಿನಲ್ಲಿ ಕಳೆದುಹೋಗುತ್ತಿರುವುದನ್ನು ನಮ್ಮ ಹಿತ್ತಿಲುಗಳು ಪೂರ್ತಿ ತುಂಬಿಕೊಡಲಾರವು. ಆದರೆ ಪ್ರತಿಯೊಂದು ಬೀದಿಯಲ್ಲಿ ಬೀಜ ಕೊಡುವ ಒಂದು ಮರವಾದರೂ ಇದ್ದರೆ, ಮಕ್ಕಳು ಅಶೋಕವೆಂದು ಅಶೋಕವನ್ನೇ ತೋರಿಸಿಯಾರು.